ಕಾತ್ರಜ್ ಸುರಂಗ ದಾಟಿದ ಮೇಲಿನ ಏಳೆಂಟು ಕಿಲೋಮೀಟರ್

ಪ್ರಶ್ನೆ: ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಮುಂಬೈಗೆ ಹೋಗುವಾಗ ಬೈಪಾಸ್ ಹಿಡಿದರೆ ಪುಣೆ ಊರು ತಪ್ಪುತ್ತದೆ ಅಂತಾರೆ. ಊರ ಹೊರಗಿನ ದಾರಿ ಅಂದಮೇಲೆ ಆ ಬೈಪಾಸಿನ ನವಲೆ ಪುಲ್ (ಸೇತುವೆ) ಹತ್ತಿರ ಪದೇ ಪದೇ ಅಷ್ಟು ದೊಡ್ಡ ಅಪಘಾತ ಆಗುವುದೇಕೆ?

ಉತ್ತರ: ಇಳಿಜಾರು ಎಲ್ಲಿ ಮುಗಿಯುತ್ತದೋ ಅಲ್ಲೇ ಊರಿನ ಸಂದಣಿ ಶುರುವಾಗುತ್ತದೆ. ಕಾರಣ ಮುಖ್ಯವಾಗಿ ಇದೇ. ಇದು ಊರ ಹೊರಗಿನ ದಾರಿ ಅನ್ನುವುದು ಹಳೆಯ ಮಾತು.

ಹಿಂದೆ ಹೆದ್ದಾರಿ ಹಳೆಯ ಕಾತ್ರಜ್ ಘಾಟಿನ ಕಿರಿದಾದ ಸುರಂಗ ದಾಟಿ ಸ್ವಾರ್‌ಗೇಟ್, ಶಿವಾಜಿನಗರ, ಪಿಂಪ್ರಿ-ಚಿಂಚ್‌ವಡ್ ಮೇಲೆ ಹಾದು ದೇಹೂ ರೋಡ್ ಸೇರುತ್ತಿತ್ತು. ಲಾರಿಗಳೆಲ್ಲ ಪೇಟೆಯ ನಡುವೆಯೇ ನುಗ್ಗಬೇಕಿತ್ತು. ಅದನ್ನು ತಪ್ಪಿಸಲು ಪಡುವಣ ಗುಡ್ಡಗಳ ಬುಡ ಹಿಡಿದು ಕಾತ್ರಜ್–ದೇಹೂ ರೋಡ್ ಬೈಪಾಸ್ ಮಾಡಿದರು. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅದು ಅಗಲವಾಯಿತು, ಘಾಟಿನ ಬದಲು ಸುಮಾರು 1.2 ಕಿ.ಮೀ. ಉದ್ದದ ಹೊಸ ಜೋಡಿ ಸುರಂಗ ಬಂತು. ಹಳಬರ ಬಾಯಲ್ಲಿ ಇವತ್ತಿಗೂ ಇದು ಎನ್.ಎಚ್. 4, ಫಲಕದ ಮೇಲೆ 48.

ಸುರಂಗದಿಂದ ಮುಂಬೈ ಎಕ್ಸ್‌ಪ್ರೆಸ್‌ವೇ ಶುರುವಾಗುವ ಕಿವಳೆವರೆಗೆ ಸುಮಾರು 35 ಕಿ.ಮೀ. ಜಾಂಭುಳವಾಡಿ, ಆಂಬೇಗಾವ್, ನರ್‍ಹೆ, ನವಲೆ ಪುಲ್, ವಡಗಾವ್, ವಾರ್ಜೆ, ಚಾಂದಣಿ ಚೌಕ್, ಬಾವಧನ್, ಬಾಣೇರ್, ಬಾಲೇವಾಡಿ, ವಾಕಡ್, ಪುನಾವಳೆ, ರಾವೇತ್, ಇದು ಸರಣಿ. ಮುಠಾ, ಮುಳಾ, ಪವನಾ ಮೂರೂ ನದಿ ನಡುವೆ ಸಿಗುತ್ತವೆ. ಬೈಪಾಸ್ ಮಾಡುವಾಗ ಇವುಗಳಲ್ಲಿ ಹೆಚ್ಚಿನವು ಹೊಲಗದ್ದೆಯ ಹಳ್ಳಿಗಳು. 1997, 2017, 2021ರಲ್ಲಿ ಕಂತುಕಂತಾಗಿ ಪುಣೆ ಪಾಲಿಕೆಯ ಗಡಿ ಹಿಗ್ಗಿ ಇಂಥ ಎಷ್ಟೋ ಹಳ್ಳಿಗಳು ಒಳಗೆ ಬಂದವು. ವಾಕಡ್ ಆಚೆ ಹಿಂಜವಡಿಯ ಐ.ಟಿ. ಪಾರ್ಕ್ ಬೆಳೆಯಿತು. ಸರ್ವಿಸ್ ರಸ್ತೆ ಮಾತ್ರ ಅಲ್ಲಲ್ಲಿ ತುಂಡಾಗೇ ಉಳಿಯಿತು. ಹಾಗಾಗಿ ತರಕಾರಿ ತರಲು ಹೊರಟ ಸ್ಕೂಟರ್ ಕೂಡ ಹೆದ್ದಾರಿಗೇ ಇಳಿಯಬೇಕಾಗುತ್ತದೆ.

ಈಗ ಇಳಿಜಾರಿನ ವಿಷಯ. ಸಾತಾರಾ ಕಡೆಯಿಂದ ಬರುವವರಿಗೆ ಸುರಂಗ ದಾಟಿದ ಮೇಲೆ ನವಲೆ ಪುಲ್‌ವರೆಗೆ ಏಳೆಂಟು ಕಿ.ಮೀ. ದಾರಿ ಒಟ್ಟಾರೆ ಇಳಿಮುಖ. ಕಾರಿನಲ್ಲಿ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ, ಘಾಟಿನಂಥ ತಿರುವುಗಳಿಲ್ಲ, ರಸ್ತೆ ಅಗಲ. ಸ್ವಾಮಿನಾರಾಯಣ ಮಂದಿರದ ಹತ್ತಿರ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ನೋಡಿ: ವೇಗದ ಮುಳ್ಳು ಕೆಳಗಿಳಿಯಬೇಕಾದಲ್ಲಿ ಮೇಲೇರುತ್ತದೆ.

ತುಂಬಿದ ಲಾರಿಯಲ್ಲಿ ಇದೇ ಲೆಕ್ಕ ಭಯಂಕರವಾಗುತ್ತದೆ. 40 ಟನ್ ತೂಕದ ವಾಹನ 100 ಮೀಟರ್ ಕೆಳಗಿಳಿಯಿತು ಅಂದುಕೊಳ್ಳಿ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ನೂರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿ ಬರಿಸಬಲ್ಲದು. ಎಂಜಿನ್ ತಡೆಯದಿದ್ದರೆ ಆ ಶಾಖದ ಬಹುಪಾಲು ಬ್ರೇಕಿನ ಲೈನರ್ (ಉಜ್ಜಿ ತಡೆಯುವ ಪಟ್ಟಿ) ಮತ್ತು ಡ್ರಮ್‌ (ಚಕ್ರದ ಜೊತೆ ತಿರುಗುವ ಲೋಹದ ಬಟ್ಟಲು) ಎರಡಕ್ಕೇ ಹೋಗಬೇಕು. ಕಾದ ಲೈನರಿನ ಹಿಡಿತ ಸಡಿಲವಾಗುತ್ತದೆ, ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಪೆಡಲ್ ಪೂರ್ತಿ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಚಾಲಕರು ‘ಬ್ರೇಕ್ ಫೇಲ್’ ಅನ್ನುವುದು ಎಷ್ಟೋ ಸಲ ಇದನ್ನೇ. ಮುರಿದ ಬಿಡಿಭಾಗ ಯಾವುದೂ ಅಲ್ಲಿರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ, ಕೆಲವೊಮ್ಮೆ ಎಂಜಿನ್ ಬಂದ್ ಮಾಡಿ ಇಳಿಸುವುದು. ಗಾಳಿಯ ಒತ್ತಡದಿಂದ ನಡೆಯುವ ಏರ್ ಬ್ರೇಕಿನ ಕಂಪ್ರೆಸರ್ (ಗಾಳಿ ತುಂಬುವ ಪಂಪು) ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತರೆ ಟ್ಯಾಂಕಿಗೆ ಹೊಸ ಗಾಳಿ ಬರುವುದಿಲ್ಲ, ಪ್ರತಿ ಸಲ ಪೆಡಲ್ ತುಳಿದಾಗಲೂ ಇದ್ದ ಗಾಳಿ ಖರ್ಚಾಗುತ್ತದೆ. ಪವರ್ ಸ್ಟೀರಿಂಗ್ ಕೂಡ ಕಲ್ಲಾಗುತ್ತದೆ. 2022ರ ನವೆಂಬರ್ 20ರ ರಾತ್ರಿ ಇಲ್ಲಿ ಒಂದೇ ಲಾರಿಯಿಂದ ಹತ್ತಾರು ವಾಹನಗಳು ಜಖಂಗೊಂಡಾಗ, ಚಾಲಕ ಎಂಜಿನ್ ಆರಿಸಿ ಇಳಿಯುತ್ತಿದ್ದ ಎಂದೇ ಪೊಲೀಸರು ಹೇಳಿದ್ದು. 2025ರ ನವೆಂಬರ್ 13ರಂದು ಕಂಟೇನರ್ ಲಾರಿಯೊಂದು ಇದೇ ಜಾಗದಲ್ಲಿ ನುಗ್ಗಿ ಬೆಂಕಿ ಹೊತ್ತಿಕೊಂಡು ಜನ ಸತ್ತರು. ಹಂಪ್, ರಂಬಲ್ ಪಟ್ಟಿ (ಗಾಡಿ ನಡುಗಿಸಿ ಎಚ್ಚರಿಸುವ ಉಬ್ಬು ಗೆರೆಗಳು), ವೇಗಮಿತಿ, ಕ್ಯಾಮೆರಾ ಇವೆಲ್ಲ ಬೇಕು ನಿಜ. ಆದರೆ ಸರ್ವಿಸ್ ರಸ್ತೆ ಎರಡೂ ಬದಿಗೆ ಪೂರ್ತಿಯಾಗಿ, ಮುಖ್ಯ ರಸ್ತೆಯಿಂದ ಬೇರೆಯಾಗಿ ಆಗುವವರೆಗೆ ಲಾರಿಯೂ ಸ್ಕೂಟರೂ ಒಂದೇ ಇಳಿಜಾರಿನ ತುದಿಯಲ್ಲಿ ಸಂಧಿಸುತ್ತಲೇ ಇರುತ್ತವೆ.

ನೀವು ಮಾಡಬೇಕಾದ್ದು ಇಷ್ಟು. ಸುರಂಗದ ಒಳಗಿರುವಾಗಲೇ ವೇಗ ಇಳಿಸಿ, ಹೊರಬಿದ್ದ ಕೂಡಲೇ ಕಾರನ್ನು ಮೂರನೇ ಗೇರಿಗೆ ತನ್ನಿ. ಲಾರಿಯಾದರೆ ಯಾವ ಗೇರಿನಲ್ಲಿ ಆ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು, ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ಗಾಡಿ ನಿಧಾನಿಸುವ ಸಾಧನ) ಇದ್ದರೆ ಮೊದಲೇ ಹಾಕಿಕೊಳ್ಳಬೇಕು. ಬ್ರೇಕಿನ ಮೇಲೆ ಕಾಲಿಟ್ಟೇ ಇರಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಡಿ, ತಣಿಯಲು ಬಿಡಿ. ಫಲಕದ ವೇಗಮಿತಿ ತೀರಾ ಕಡಿಮೆ ಅನ್ನಿಸಿದರೂ ಅಷ್ಟರಲ್ಲೇ ಹೋಗಿ. ಮುಂದೆ ವಾಹನಗಳು ನಿಂತಿದ್ದರೆ ದೂರದಿಂದಲೇ ಹಜಾರ್ಡ್ ದೀಪ ಹಾಕಿ, ಕನ್ನಡಿ ನೋಡುತ್ತಾ ನಿಧಾನಿಸಿ, ಮುಂದಿನ ಗಾಡಿಗೆ ಅಂಟಿ ನಿಲ್ಲಬೇಡಿ. ಎರಡು ಲಾರಿಗಳ ನಡುವೆ ಮಾತ್ರ ಯಾವತ್ತೂ ಸಿಕ್ಕಿಕೊಳ್ಳಬೇಡಿ.

ಮುಂದಿನ ಚಾಂದಣಿ ಚೌಕ್ ಈಗ ಬಹಳ ಸುಧಾರಿಸಿದೆ. ಅಲ್ಲಿನ ಹಳೆಯ ಸೇತುವೆ ಕೆಳಗಿನ ಹೆದ್ದಾರಿಯನ್ನು ಕತ್ತು ಹಿಸುಕಿದಂತೆ ಹಿಡಿದಿತ್ತು. 2022ರ ಅಕ್ಟೋಬರ್ 2ರ ನಡುರಾತ್ರಿ ಸುಮಾರು 600 ಕೆ.ಜಿ. ಸ್ಫೋಟಕ ಇಟ್ಟು ಅದನ್ನು ಕೆಡವಿದರು, 2023ರ ಆಗಸ್ಟ್ 12ರಂದು ಹೊಸ ಮೇಲ್ಸೇತುವೆಗಳ ಜಾಲ ಉದ್ಘಾಟನೆಯಾಯಿತು. ಮುಂಬೈಗೆ ಹೋಗುವವರು ಮುಖ್ಯ ರಸ್ತೆ ಬಿಡದೆ ನೇರ ಹೋದರಾಯಿತು. ಕೋಥ್ರೂಡ್, ಮುಳಶಿ, ಪಾಷಾಣ್ ಕಡೆಯವರು ರ್‍ಯಾಂಪ್ ಫಲಕ ಮೊದಲೇ ಓದಿಕೊಳ್ಳಬೇಕು, ತಪ್ಪಿದರೆ ಸುತ್ತು ದೊಡ್ಡದು. ಕಿವಳೆಯಲ್ಲಿ ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಇಲ್ಲ, ದೇಹೂ ರೋಡ್, ತಳೇಗಾವ್ ಮೇಲಿನ ಹಳೆಯ ಹೆದ್ದಾರಿಯೇ ಗತಿ.

ಕೊನೆಗೆ, ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಊರಿನಿಂದ ಬರುವ ಪುಣೆಯ ಕನ್ನಡಿಗರಿಗೆ ಒಂದು ಮಾತು. ನಸುಕಿನಲ್ಲಿ ನೀವು ನವಲೆ ಪುಲ್ ಹತ್ತಿರ ಇಳಿಯುವುದು ಇದೇ ಇಳಿಜಾರಿನ ಬುಡದಲ್ಲಿ. ಬಸ್ಸನ್ನು ಸರ್ವಿಸ್ ರಸ್ತೆಗೆ ತಂದು ನಿಲ್ಲಿಸಲು ಹಿಂದಿನ ರಾತ್ರಿಯೇ ಕ್ಲೀನರಿಗೆ ಹೇಳಿಟ್ಟಿರಿ. ಮುಖ್ಯ ರಸ್ತೆಯಲ್ಲೇ ನಿಂತರೆ ಡಿಕ್ಕಿ ತೆಗೆಸಿ ಲಗೇಜಿಗಾಗಿ ಬಸ್ಸಿನ ಹಿಂದೆ ನಿಲ್ಲಬೇಡಿ. ಮೊದಲು ಮಕ್ಕಳನ್ನೂ ವಯಸ್ಸಾದವರನ್ನೂ ಕಬ್ಬಿಣದ ತಡೆಯ ಆಚೆ ಕಳಿಸಿ.