ಐರ್ಲೆಂಡ್‌ಗೆ ಪತ್ತೇದಾರ ಇಷ್ಟು ತಡವಾಗಿ ಬಂದದ್ದೇಕೆ?

ಓದುಗರ ಪ್ರಶ್ನೆ: ಐರ್ಲೆಂಡ್ ಅಂದರೆ ಯೇಟ್ಸ್, ಸಿಂಜ್, ಜಾಯ್ಸ್, ಬೆಕೆಟ್ ಅಂತ ಓದಿಕೊಂಡು ಬಂದವರು ನಾವು. ಈಗ ಪುಸ್ತಕದಂಗಡಿಗೆ ಹೋದರೆ ಐರಿಷ್ ಕ್ರೈಂ ಕಾದಂಬರಿಗಳೇ ಜಾಸ್ತಿ ಕಣ್ಣಿಗೆ ಬೀಳುತ್ತವೆ. ಇವೆಲ್ಲ ಇಷ್ಟು ದಿನ ಎಲ್ಲಿದ್ದವು? ನಾಟಕ ಓದಿದವರು ಇವುಗಳನ್ನು ಎಲ್ಲಿಂದ ಶುರು ಮಾಡಬೇಕು?

ಚಿಕ್ಕ ಉತ್ತರ ಇಷ್ಟು. ಐರಿಷ್ ಸಾಹಿತ್ಯದಲ್ಲಿ ಕೊಲೆಗೆ ಯಾವತ್ತೂ ಬರ ಇರಲಿಲ್ಲ. ಕೊಲೆಗಾರನನ್ನು ಹಿಡಿಯಲು ಹೊರಟವನ ಪಕ್ಕ ನಿಲ್ಲುವ ಮನಸ್ಸು ಮಾತ್ರ ಓದುಗರಿಗೆ ಇರಲಿಲ್ಲ. ಅದಕ್ಕೇ ಕೊಲೆ ಕಾದಂಬರಿಗಿಂತ ಮೊದಲು ರಂಗಭೂಮಿಗೆ ಹೋಯಿತು.

ಪತ್ತೇದಾರಿ ಕತೆ ಓದುವಾಗ ನಾವು ಕೆಲವು ವಿಷಯ ಸುಮ್ನೆ ಒಪ್ಪಿಕೊಂಡಿರುತ್ತೇವೆ. ಸತ್ಯ ಹೊರಬಂದರೆ ಒಳ್ಳೆಯದು. ಅದನ್ನು ಹೊರತೆಗೆಯುವವನು ನಮ್ಮ ಕಡೆಯವನು. ಆರೋಪಿಯನ್ನು ಹಿಡಿದುಕೊಟ್ಟರೆ ಮುಂದಿನದ್ದನ್ನು ಕೋರ್ಟು ನೋಡಿಕೊಳ್ಳುತ್ತದೆ. ಲಂಡನ್ನಿನ ಓದುಗನಿಗೆ ಇದೆಲ್ಲ ಸಹಜ. ನೂರು ವರ್ಷಕ್ಕೂ ಹಿಂದೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಪಶ್ಚಿಮ ಐರ್ಲೆಂಡಿನ ಗಾಲ್ವೇ ರೈತನಿಗೆ ಈ ಮೂರರಲ್ಲಿ ಒಂದೂ ನಂಬುವಂಥದ್ದಾಗಿರಲಿಲ್ಲ.

1907ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ಒಂದು ವರ್ಷದಲ್ಲಿ ಮೂವರು ಐರಿಷ್ ಲೇಖಕರು ಅಪರಾಧ ಮತ್ತು ಕಾನೂನಿನ ಬಗ್ಗೆ ಬರೆದದ್ದು ಜನರ ಮುಂದೆ ಬಂತು. ಮೂರರಲ್ಲೂ ಪೊಲೀಸರು ಎಲ್ಲಿದ್ದಾರೆ ಅಂತ ಗಮನಿಸಿ.

ಮೊದಲನೆಯದು ಜನವರಿ 26ರಂದು ಡಬ್ಲಿನ್ನಿನ ಆ್ಯಬೆ ಥಿಯೇಟರಿನಲ್ಲಿ ಆಡಿದ ಜೆ. ಎಂ. ಸಿಂಜ್‌ನ 'ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್'. ಮೇಯೊ ಜಿಲ್ಲೆಯ ಒಂದು ಹಳ್ಳಿಯ ಹೆಂಡದಂಗಡಿಗೆ ರಾತ್ರಿ ಹೊತ್ತು ಕ್ರಿಸ್ಟಿ ಎಂಬ ಹೆದರಿದ ಹುಡುಗ ಬರುತ್ತಾನೆ. ಹೊಲದಲ್ಲಿ ಅಪ್ಪನ ತಲೆಗೆ ಸಲಿಕೆಯಲ್ಲಿ ಹೊಡೆದು ಕೊಂದು ಓಡಿ ಬಂದಿದ್ದೇನೆ ಅನ್ನುತ್ತಾನೆ. ಊರವರು ಪೊಲೀಸರಿಗೆ ಹೇಳುತ್ತಾರಾ? ಇಲ್ಲ. ಇಂಥ ಧೈರ್ಯಸ್ಥ ಮನೆಯಲ್ಲಿದ್ದರೆ ಒಳ್ಳೆಯದು ಅಂತ ಅಂಗಡಿಯಲ್ಲೇ ಕೆಲಸ ಕೊಡುತ್ತಾರೆ. ಹುಡುಗಿಯರು ಮೊಟ್ಟೆ, ಬೆಣ್ಣೆ ತಂದು ಕೊಡುತ್ತಾರೆ. ಆಮೇಲೆ ಸತ್ತಿದ್ದ ಅಪ್ಪ ತಲೆಗೆ ಪಟ್ಟಿ ಕಟ್ಟಿಕೊಂಡು ಹುಡುಕಿಕೊಂಡು ಬರುತ್ತಾನೆ. ಮಾನ ಉಳಿಸಿಕೊಳ್ಳಲು ಕ್ರಿಸ್ಟಿ ಎಲ್ಲರ ಎದುರಿಗೇ ಅವನಿಗೆ ಮತ್ತೊಮ್ಮೆ ಹೊಡೆಯುತ್ತಾನೆ. ಆಗ ಅದೇ ಊರವರು ಅವನನ್ನು ಹಗ್ಗದಲ್ಲಿ ಕಟ್ಟುತ್ತಾರೆ! ದೂರದಲ್ಲಿ ನಡೆದ ಕೊಲೆ ಒಳ್ಳೆಯ ಕತೆ. ಹಿತ್ತಲಲ್ಲಿ ನಡೆದರೆ ಅದು ಹೊಲಸು ಕೆಲಸ. ಅಂಗಡಿಯವನ ಮಗಳು ಪೆಗೀನ್ ಹೇಳುವುದು ಹೆಚ್ಚುಕಡಿಮೆ ಇದನ್ನೇ.

ಮೊದಲ ದಿನವೇ ಪ್ರೇಕ್ಷಕರು ಗಲಾಟೆ ಎಬ್ಬಿಸಿದರು. ಮುಂದಿನ ಪ್ರದರ್ಶನಗಳಿಗೆ ಥಿಯೇಟರಿನವರು ಪೊಲೀಸರನ್ನೇ ಕರೆಸಬೇಕಾಯಿತು. ಐರಿಷ್ ಜನರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಅವಮಾನ ಮಾಡಿದ್ದಾರೆ ಎಂಬುದು ದೂರು. ಆದರೆ ಸಿಂಜ್ ಇದನ್ನು ಗಾಳಿಯಲ್ಲಿ ಕಟ್ಟಿದ್ದಲ್ಲ. ಅಪ್ಪನನ್ನು ಸಲಿಕೆಯಲ್ಲಿ ಕೊಂದು ಓಡಿ ಬಂದವನನ್ನು ಅರಾನ್ ದ್ವೀಪದವರು ಬಚ್ಚಿಟ್ಟು, ಕೊನೆಗೆ ಅಮೆರಿಕಕ್ಕೆ ಹಡಗು ಹತ್ತಿಸಿದ ಕತೆಯನ್ನು ಅವನು ಅಲ್ಲೇ ಒಬ್ಬ ಮುದುಕನ ಬಾಯಲ್ಲಿ ಕೇಳಿದ್ದ. ಕಾನೂನು ಅಲ್ಲಿಯ ಜನರಿಗೆ ಇಂಗ್ಲಿಷರ ಸ್ವತ್ತು. ಜೊತೆಗೆ, ಅಪ್ಪನನ್ನು ಕೊಂದವನು ಆ ಹೊತ್ತಿನಲ್ಲಿ ತನ್ನ ಹಿಡಿತದಲ್ಲಿ ಇರಲಿಲ್ಲ, ಅವನ ಸಂಕಟವೇ ಅವನಿಗೆ ಶಿಕ್ಷೆ, ನೇಣು ಇನ್ನೇಕೆ ಎಂಬ ಯೋಚನೆ.

ಎರಡನೆಯದು ಮಾರ್ಚ್‌ನಲ್ಲಿ ಅದೇ ರಂಗದ ಮೇಲೆ ಬಂದ ಲೇಡಿ ಗ್ರೆಗರಿಯ ಏಕಾಂಕ, 'ದಿ ರೈಸಿಂಗ್ ಆಫ್ ದಿ ಮೂನ್'. ನನಗೆ ಈ ಮೂರರಲ್ಲಿ ಜಾಸ್ತಿ ಇಷ್ಟವಾದದ್ದು ಇದು. ಜೈಲಿನಿಂದ ತಪ್ಪಿಸಿಕೊಂಡ ಬಂಡಾಯಗಾರನನ್ನು ಹಿಡಿದವರಿಗೆ 100 ಪೌಂಡ್ ಬಹುಮಾನ. ಒಬ್ಬ ಸಾರ್ಜೆಂಟ್ ಬಂದರಿನ ಕಟ್ಟೆಯ ಮೇಲೆ ಕಾಯುತ್ತಿದ್ದಾನೆ. ಲಾವಣಿ ಹಾಡುವವನೊಬ್ಬ ಬರುತ್ತಾನೆ. ಇಬ್ಬರೂ ಒಂದೇ ಪೀಪಾಯಿಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಹಾಡುಗಾರ ಹಳೆಯ ಹಾಡೊಂದರ ಸಾಲು ಬಿಟ್ಟರೆ ಸಾರ್ಜೆಂಟೇ ತುಂಬಿಕೊಡುತ್ತಾನೆ, ಯಾಕೆಂದರೆ ಹುಡುಗನಾಗಿದ್ದಾಗ ಅವನೂ ಅದನ್ನೇ ಹಾಡಿದವನು. ಹಾಡುಗಾರನೇ ತಾನು ಹುಡುಕುತ್ತಿರುವವನು ಅಂತ ಗೊತ್ತಾದ ಮೇಲೂ ಸಾರ್ಜೆಂಟ್ ಅವನನ್ನು ಬಿಟ್ಟುಬಿಡುತ್ತಾನೆ. ಕೊನೆಗೆ ಒಬ್ಬನೇ ನಿಂತು, ನೂರು ಪೌಂಡ್ ಕಳೆದುಕೊಂಡೆನಲ್ಲ, ನಾನೆಷ್ಟು ದಡ್ಡ ಅಂತ ಪೇಚಾಡುತ್ತಾನೆ. ಪತ್ತೇದಾರಿ ಕತೆಯನ್ನು ಪೂರ್ತಿ ತಲೆಕೆಳಗು ಮಾಡಿದ ಹಾಗೆ, ಅಲ್ವಾ? ಇಲ್ಲಿ ಪತ್ತೆ ಆಗುವುದು ಪೊಲೀಸ್ ಯಾರು ಎಂಬುದು.

ಮೂರನೆಯದು ನಾಟಕವಲ್ಲ, ಪತ್ರಿಕೆಯ ಲೇಖನ. ಆಗ ಟ್ರಿಯೆಸ್ಟ್‌ನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದ ಜೇಮ್ಸ್ ಜಾಯ್ಸ್ ಅಲ್ಲಿಯ ಪತ್ರಿಕೆಗೆ ಇಟಾಲಿಯನ್ ಭಾಷೆಯಲ್ಲಿ ಬರೆದದ್ದು. ವಿಷಯ 1882ರ ಮಾಮ್‌ಟ್ರಾಸ್ನ ಕೊಲೆಗಳು. ಗಾಲ್ವೇ, ಮೇಯೊ ಗಡಿಯ ಗುಡ್ಡಗಾಡಿನಲ್ಲಿ ಆಗಸ್ಟ್ ತಿಂಗಳ ಒಂದು ರಾತ್ರಿ ಒಂದೇ ಮನೆಯ ಐವರನ್ನು ಕೊಂದಿದ್ದರು. ವಿಚಾರಣೆ ನಡೆದದ್ದು ದೂರದ ಡಬ್ಲಿನ್ನಿನಲ್ಲಿ, ಇಂಗ್ಲಿಷಿನಲ್ಲಿ. ಆರೋಪಿಗಳಲ್ಲಿ ಒಬ್ಬನಾದ ಮೈಲ್ಸ್ ಜಾಯ್ಸ್‌ಗೆ ಬರುತ್ತಿದ್ದದ್ದು ಐರಿಷ್ ಒಂದೇ. ತನ್ನ ಜೀವದ ಬಗ್ಗೆ ಏನು ತೀರ್ಮಾನ ಆಗುತ್ತಿದೆ ಅಂತಲೇ ಅವನಿಗೆ ಸರಿಯಾಗಿ ತಿಳಿಯಲಿಲ್ಲ. ಜೊತೆಗೆ ಗಲ್ಲಿಗೇರಬೇಕಿದ್ದ ಇಬ್ಬರೂ ಇವನು ನಿರಪರಾಧಿ ಅಂದರು. ಆದರೂ ಡಿಸೆಂಬರ್ 15ರಂದು ಗಾಲ್ವೇಯಲ್ಲಿ ಮೂವರನ್ನೂ ನೇಣಿಗೆ ಹಾಕಿದರು. ಜಾಯ್ಸ್ ತನ್ನ ಲೇಖನದಲ್ಲಿ ಮೈಲ್ಸ್‌ನನ್ನು ಹಣ್ಣು ಮುದುಕನನ್ನಾಗಿ ಮಾಡಿದ್ದಾನೆ. ನಿಜದಲ್ಲಿ ಅವನ ವಯಸ್ಸು ನಲವತ್ತರ ಆಸುಪಾಸು. ಕಾದಂಬರಿಕಾರನ ಕೈ, ಏನು ಮಾಡೋದು. ಮೈಲ್ಸ್‌ಗೆ ಅಧಿಕೃತ ಕ್ಷಮಾದಾನ ಸಿಕ್ಕಿದ್ದು 2018ರಲ್ಲಿ, ಐರ್ಲೆಂಡ್ ಅಧ್ಯಕ್ಷ ಮೈಕಲ್ ಡಿ. ಹಿಗಿನ್ಸ್ ಅವರಿಂದ.

ಇಂಥ ನೆನಪು ಇರುವ ನೆಲದಲ್ಲಿ ಪತ್ತೇದಾರನನ್ನು ನಾಯಕನನ್ನಾಗಿ ಮಾಡುವುದು ಸುಲಭವಲ್ಲ. ಆಗಿನ ಪೊಲೀಸ್ ಪಡೆ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿ ಬಂದೂಕು ಹಿಡಿದು ಬ್ಯಾರಕ್‌ಗಳಲ್ಲಿ ಇರುತ್ತಿತ್ತು. ಪೇದೆಯನ್ನು ಅವನ ಸ್ವಂತ ಜಿಲ್ಲೆಗೆ ಹಾಕುತ್ತಿರಲಿಲ್ಲ. ಊರಿನ ಮೇಲೆ ಕಣ್ಣಿಡುವುದು ಅದರ ದೊಡ್ಡ ಕೆಲಸ. (1843ರ ಹೊತ್ತಿಗೆ ಚಾರ್ಲ್ಸ್ ನೇಪಿಯರ್ ಸಿಂಧ್ ಪ್ರಾಂತ್ಯದಲ್ಲಿ ಕಟ್ಟಿದ ಪೊಲೀಸ್ ವ್ಯವಸ್ಥೆಗೆ ಮಾದರಿ ಐರ್ಲೆಂಡಿನ ಪಡೆಯೇ. ಹಾಗಾಗಿ ನಮ್ಮ ಕಡೆಯ ಖಾಕಿಯ ಹಳೆಯ ಗತ್ತಿಗೂ ಅಲ್ಲಿಗೂ ನಂಟಿದೆ.) ಇಂಥ ಕಡೆ ಕೊಲೆಗಾರನಿಗಿಂತ ಕೀಳಾದವನು ಒಬ್ಬನಿದ್ದಾನೆ: ಪೊಲೀಸರಿಗೆ ಸುದ್ದಿ ಕೊಡುವವನು. 1925ರಲ್ಲಿ ಲಿಯಾಮ್ ಒ'ಫ್ಲಾಹರ್ಟಿ ಬರೆದ 'ದಿ ಇನ್‌ಫಾರ್ಮರ್' ಅಂಥವನ ಕತೆ. ಇಪ್ಪತ್ತು ಪೌಂಡಿಗೆ ಗೆಳೆಯನನ್ನು ಹಿಡಿದುಕೊಟ್ಟು ಒಂದೇ ರಾತ್ರಿಯಲ್ಲಿ ಹಾಳಾಗುತ್ತಾನೆ. ಪೊಲೀಸರು ಅವನಿಗೆ ಹಣ ಎಣಿಸಿ ಕೊಡುತ್ತಾರೆ. ಅವನನ್ನು ಬೇಟೆಯಾಡುವವರು ಅವನ ಹಳೆಯ ಬಂಡಾಯದ ಸಂಗಾತಿಗಳು.

ಹಾಗಾದರೆ ಪತ್ತೇದಾರಿ ಬರೆಯುವ ಐರಿಷರೇ ಇರಲಿಲ್ಲವಾ? ಇದ್ದರು. ಡಬ್ಲಿನ್ನಿನಲ್ಲಿ ಹುಟ್ಟಿ ಉತ್ತರ ಐರ್ಲೆಂಡಿನಲ್ಲಿ ರೈಲ್ವೆ ಎಂಜಿನಿಯರ್ ಆಗಿದ್ದ ಫ್ರೀಮನ್ ವಿಲ್ಸ್ ಕ್ರಾಫ್ಟ್ಸ್ 1920ರಲ್ಲಿ ಬರೆಯಲು ಶುರು ಮಾಡಿ ಆ ಕಾಲದ ದೊಡ್ಡ ಹೆಸರಾದ. ರೈಲಿನ ವೇಳಾಪಟ್ಟಿ ಹಿಡಿದು ಅಪರಾಧಿಯ ಸುಳ್ಳು ಬಿಡಿಸುವುದು ಅವನ ವಿಶೇಷ. ಆದರೆ ಅವನ ಹೆಸರಾಂತ ಇನ್‌ಸ್ಪೆಕ್ಟರ್ ಕೆಲಸ ಮಾಡುವುದು ಲಂಡನ್ನಿನ ಪೊಲೀಸ್ ಕಚೇರಿಯಾದ ಸ್ಕಾಟ್‌ಲೆಂಡ್ ಯಾರ್ಡ್‌ನಲ್ಲಿ.

ರಂಗಭೂಮಿಗೆ ಇನ್ನೊಂದು ಅನುಕೂಲವೂ ಇತ್ತು. ಲಂಡನ್ನಿನಲ್ಲಿ ನಾಟಕಗಳಿಗೆ ಸರ್ಕಾರದ ಸೆನ್ಸಾರ್ ಇತ್ತು, ಅದರ ಅಧಿಕಾರ ಡಬ್ಲಿನ್ನಿಗೆ ತಲುಪುತ್ತಿರಲಿಲ್ಲ. ಬರ್ನಾರ್ಡ್ ಷಾ ಬರೆದ, ಕುದುರೆ ಕದ್ದವನೊಬ್ಬನ ವಿಚಾರಣೆಯ ನಾಟಕಕ್ಕೆ ಲಂಡನ್ನಿನಲ್ಲಿ ತಡೆ ಬಿದ್ದಾಗ, 1909ರಲ್ಲಿ ಆ್ಯಬೆ ಅದನ್ನು ಸರ್ಕಾರದ ಬೆದರಿಕೆಯ ನಡುವೆಯೂ ಆಡಿತು. ಪುಸ್ತಕಗಳ ಕತೆ ಉಲ್ಟಾ. ಸ್ವತಂತ್ರ ಐರ್ಲೆಂಡ್ 1929ರಲ್ಲಿ ತಂದ ಸೆನ್ಸಾರ್ ಕಾನೂನು ಪುಸ್ತಕ, ಪತ್ರಿಕೆಗಳ ಮೇಲೆ ಬಿತ್ತು. ಅಪರಾಧದ ಸುದ್ದಿಗೆ ಅತಿಯಾಗಿ ಜಾಗ ಕೊಡುವ ಪತ್ರಿಕೆಗಳನ್ನು ನಿಷೇಧಿಸಲು ಅದರಲ್ಲಿ ಅವಕಾಶ ಇತ್ತು.

ಈ ನಾಟಕ ಚಳವಳಿಯ ವಿಷಯ ಬಂದಾಗ ಕನ್ನಡದವರು ನೆನೆಯಬೇಕಾದ ಒಂದು ಹೆಸರಿದೆ. 1902ರಲ್ಲಿ, ಆ್ಯಬೆ ಶುರುವಾಗುವ ಎರಡು ವರ್ಷ ಮೊದಲು, ಮುಂದೆ ಆ್ಯಬೆಗೆ ಬೇರಾದ ಫೇ ಸಹೋದರರ ತಂಡಕ್ಕೆ ನಾಟಕ ಬರೆದುಕೊಟ್ಟವರಲ್ಲಿ ಜೇಮ್ಸ್ ಕಸಿನ್ಸ್ ಒಬ್ಬರು. ಮುಂದೆ ಮೈಸೂರಿನಲ್ಲಿ, ತಮ್ಮ ಇಂಗ್ಲಿಷ್ ಕವಿತೆ ತೋರಿಸಲು ಬಂದ ತರುಣ ಕುವೆಂಪು ಅವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದವರು ಇವರೇ.

ಇನ್ನು ಬದಲಾದದ್ದು ಯಾವಾಗ? 1922ರಲ್ಲಿ ಬ್ರಿಟಿಷರಿಂದ ಬಿಡಿಸಿಕೊಂಡ ಹೊಸ ದೇಶ ಬಂತು, ಗಾರ್ಡ ಎಂಬ ಬಂದೂಕಿಲ್ಲದ ಪೊಲೀಸ್ ಪಡೆಯೂ ಬಂತು. ಆದರೂ ಕತೆ ಹುಟ್ಟಲಿಲ್ಲ. ಪೊಲೀಸರು ನಮ್ಮವರಾದರು, ಚರ್ಚಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವಂತಿರಲಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿದ್ದು ಯಾರೂ ಹೇಳದ ಊರಿನಲ್ಲಿ ಪತ್ತೇದಾರನಿಗೆ ಏನು ಕೆಲಸ? ಫ್ಲಾನ್ ಒ'ಬ್ರಿಯನ್ 1940ರ ಸುಮಾರಿಗೆ ಬರೆದು ಮುಗಿಸಿದ 'ದಿ ಥರ್ಡ್ ಪೊಲೀಸ್‌ಮನ್' ನೋಡಿ. ಕತೆ ಹೇಳುವವನು ಮೊದಲ ವಾಕ್ಯದಲ್ಲೇ ನಾನು ಕೊಲೆ ಮಾಡಿದೆ ಅನ್ನುತ್ತಾನೆ, ಅದೂ ಸಲಿಕೆಯಿಂದ. ಪೊಲೀಸರಿಗೋ ಸೈಕಲ್ ಬಿಟ್ಟು ಬೇರೆ ಚಿಂತೆಯಿಲ್ಲ. ಪ್ರಕಾಶಕರು ಅದನ್ನು ತಿರಸ್ಕರಿಸಿದರು. ಅಚ್ಚಾದದ್ದು 1967ರಲ್ಲಿ, ಲೇಖಕ ತೀರಿಕೊಂಡ ಮರುವರ್ಷ.

ಬಾಗಿಲು ತೆರೆದದ್ದು 1990ರ ದಶಕದ ಕೊನೆಯಲ್ಲಿ. 1996ರ ಜೂನ್ 26ರಂದು ಡ್ರಗ್ಸ್ ಗ್ಯಾಂಗುಗಳ ಬಗ್ಗೆ ಬರೆಯುತ್ತಿದ್ದ ಪತ್ರಕರ್ತೆ ವೆರೋನಿಕಾ ಗೆರಿನ್ ಅವರನ್ನು ಡಬ್ಲಿನ್ ಹೊರವಲಯದ ಟ್ರಾಫಿಕ್ ಸಿಗ್ನಲ್‌ನಲ್ಲಿ ಗುಂಡಿಕ್ಕಿ ಕೊಂದರು. ಅದೇ ವರ್ಷ ಅಪರಾಧದ ಆಸ್ತಿ ಮುಟ್ಟುಗೋಲು ಹಾಕುವ ವಿಶೇಷ ಸಂಸ್ಥೆ ಬಂತು. 1998ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಕೈಯಲ್ಲೇ ಉಳಿದಿದ್ದ ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದ ಆಯಿತು, 2001ರಲ್ಲಿ ಅಲ್ಲಿನ ಪೊಲೀಸ್ ಪಡೆಯೇ ಬದಲಾಯಿತು. ಚರ್ಚ್ ನಡೆಸಿದ ಸಂಸ್ಥೆಗಳಲ್ಲಿ ಮಕ್ಕಳಿಗಾದ ಹಿಂಸೆಯ ಬಗ್ಗೆ 2009ರಲ್ಲಿ ರಯನ್ ವರದಿ ಬಂತು. ಮುಚ್ಚಿಟ್ಟದ್ದನ್ನು ತೆಗೆದು ನೋಡುವುದು ಈಗ ದ್ರೋಹ ಅನ್ನಿಸಲಿಲ್ಲ. ಪತ್ತೇದಾರನಿಗೆ ಬೇಕಿದ್ದದ್ದು ಅದೇ ಗಾಳಿ.

ಕೆನ್ ಬ್ರೂಯೆನ್ 2001ರಲ್ಲಿ ಗಾಲ್ವೇಯ ಕುಡುಕ ಮಾಜಿ ಗಾರ್ಡ ಜ್ಯಾಕ್ ಟೇಲರ್‌ನನ್ನು ತಂದ. ಬುಕರ್ ಗೆದ್ದ ಮರುವರ್ಷ, 2006ರಲ್ಲಿ, ಜಾನ್ ಬ್ಯಾನ್‌ವಿಲ್ ಬೆಂಜಮಿನ್ ಬ್ಲ್ಯಾಕ್ ಎಂಬ ಹೆಸರಿನಲ್ಲಿ 1950ರ ದಶಕದ ಡಬ್ಲಿನ್ನಿನ ಶವಪರೀಕ್ಷಕ ಕ್ವರ್ಕ್‌ನ ಕತೆ ಬರೆಯಲು ಹಿಡಿದ. ಅಲ್ಲಿ ಹೆಣಕ್ಕಿಂತ ಭಯ ಹುಟ್ಟಿಸುವುದು ಪಾದ್ರಿಗಳೂ ಶ್ರೀಮಂತರೂ ಸೇರಿ ಕಾಯುವ ಮೌನ. ಟಾನಾ ಫ್ರೆಂಚ್ 2007ರಲ್ಲಿ ಬಂದಳು. ಟ್ರಿನಿಟಿ ಕಾಲೇಜಿನಲ್ಲಿ ನಟನೆ ಕಲಿತವಳು. ಅವಳ ವಿಚಾರಣೆಯ ದೃಶ್ಯಗಳಲ್ಲಿ ಅದು ಗೊತ್ತಾಗುತ್ತದೆ. ಪೊಲೀಸ್ ಒಬ್ಬ ನಟ, ಆರೋಪಿ ಇನ್ನೊಬ್ಬ ನಟ, ಯಾರು ಮೊದಲು ಮಾತು ಮರೆಯುತ್ತಾರೆ ಎಂಬುದೇ ಪಂದ್ಯ.

ನಾಟಕದಿಂದ ಬಂದವರು ಇನ್ನೂ ಇದ್ದಾರೆ. 1984ರಲ್ಲಿ ಡಬ್ಲಿನ್ನಿನ ರಫ್ ಮ್ಯಾಜಿಕ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬನಾದ ಡೆಕ್ಲಾನ್ ಹ್ಯೂಸ್ 2006ರಲ್ಲಿ ಪತ್ತೇದಾರಿ ಬರೆಯಲು ಶುರು ಮಾಡಿದ. ಅವನ ಖಾಸಗಿ ಪತ್ತೇದಾರನ ಹೆಸರು ಎಡ್ ಲಾಯ್. ಸಿಂಜ್‌ನ ಕ್ರಿಸ್ಟಿ ಅಪ್ಪನಿಗೆ ಹೊಡೆದ ಆ ಸಲಿಕೆಯನ್ನು ಅಲ್ಲಿ ಲಾಯ್ ಅನ್ನುತ್ತಾರೆ!

ರಂಗಭೂಮಿ ಮಾತ್ರ ತನ್ನ ಹಳೆಯ ಚಾಳಿ ಬಿಟ್ಟಿಲ್ಲ. ಮಾರ್ಟಿನ್ ಮೆಕ್‌ಡೊನಾ 1997ರಲ್ಲಿ ಬರೆದ 'ಎ ಸ್ಕಲ್ ಇನ್ ಕಾನೆಮಾರಾ' ನಾಟಕದಲ್ಲಿ ಹೆಂಡತಿಯನ್ನು ಕೊಂದನೆಂದು ಊರು ಅನುಮಾನಿಸುವ ಒಬ್ಬ ಗೋರಿ ಅಗೆಯುವವನು ಇದ್ದಾನೆ. ಅಮೆರಿಕದ ಟಿವಿ ಧಾರಾವಾಹಿ ನೋಡಿ ತಾನೂ ದೊಡ್ಡ ಪತ್ತೇದಾರ ಆಗಬೇಕೆನ್ನುವ ಒಬ್ಬ ಗಾರ್ಡ ಇದ್ದಾನೆ. ಸಾಕ್ಷಿ ಸಿಗದಿದ್ದಾಗ ಗಾರ್ಡ ತಲೆಬುರುಡೆಯಲ್ಲಿ ತಾನೇ ತೂತು ಕೊರೆಯುತ್ತಾನೆ. ನಾಟಕದ ಪ್ರಕಾರ ಪೊಲೀಸ್ ಇನ್ನೂ ಹಾಸ್ಯಪಾತ್ರವೇ.

ವಿಶ್ವವಿದ್ಯಾಲಯಗಳು ಇದನ್ನು ಗಂಭೀರವಾಗಿ ನೋಡಲು ಇನ್ನೂ ತಡ ಮಾಡಿದವು. ಡೆಕ್ಲಾನ್ ಬರ್ಕ್ 2011ರಲ್ಲಿ ಲೇಖಕರಿಂದಲೇ ಬರೆಸಿದ ಸಂಕಲನ ಬಂತು. ಎಲಿಜಬೆತ್ ಮ್ಯಾನಿಯನ್ ಸಂಪಾದಿಸಿದ ಪುಸ್ತಕ 2016ರಲ್ಲಿ, ಬ್ರಯಾನ್ ಕ್ಲಿಫ್ ಅವರ ಅಧ್ಯಯನ 2018ರಲ್ಲಿ. ಅಲ್ಲಿ ಮುಗಿಯದ ಒಂದು ಚರ್ಚೆ ಇದೆ. ಪತ್ತೇದಾರಿ ಬರೆಯುವ ಜಾನ್ ಕಾನಲಿ ಡಬ್ಲಿನ್ನಿನವನು, ಅವನ ಕತೆ ನಡೆಯುವುದು ಅಮೆರಿಕದ ಮೇನ್ ರಾಜ್ಯದಲ್ಲಿ. ಅದು ಐರಿಷ್ ಕಾದಂಬರಿಯಾ? ನನ್ನ ಮಟ್ಟಿಗೆ ಹೌದು. ದೂರ ಹೋಗಿ ಕತೆ ಹೇಳುವುದು ಆ ದೇಶದ ಹಳೆಯ ಅಭ್ಯಾಸ.

ಈಗ ಓದುವ ವಿಷಯ. ಮೊದಲು ಸಿಂಜ್ ಮತ್ತು ಗ್ರೆಗರಿ. ಎರಡಕ್ಕೂ ಹಕ್ಕುಸ್ವಾಮ್ಯ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಗ್ರೆಗರಿಯದು ಅರ್ಧ ಗಂಟೆಯ ಓದು. ಉತ್ತರ ಐರ್ಲೆಂಡಿನ ಕತೆ ಬೇಕಿದ್ದರೆ ಏಡ್ರಿಯನ್ ಮೆಕಿಂಟಿಯ 'ದಿ ಕೋಲ್ಡ್ ಕೋಲ್ಡ್ ಗ್ರೌಂಡ್'. 1981, ಜೈಲಿನಲ್ಲಿ ಬಂಡಾಯಗಾರ ಕೈದಿಗಳು ಉಪವಾಸ ಕೂತ ದಿನಗಳು. ನಾಯಕ ಪ್ರಾಟೆಸ್ಟೆಂಟರೇ ತುಂಬಿರುವ ಪೊಲೀಸ್ ಪಡೆಯಲ್ಲಿ ಒಬ್ಬ ಕ್ಯಾಥೊಲಿಕ್. ದಿನಾ ಬೆಳಿಗ್ಗೆ ಕಾರು ಹತ್ತುವ ಮೊದಲು ಬಗ್ಗಿ ಅಡಿಯಲ್ಲಿ ಬಾಂಬ್ ಇದೆಯಾ ಅಂತ ನೋಡುತ್ತಾನೆ. ಗ್ರೆಗರಿಯ ಸಾರ್ಜೆಂಟ್‌ನ ಇಕ್ಕಟ್ಟು ಎಲ್ಲಿಗೆ ಬಂದು ನಿಂತಿತು ಅಂತ ಇದರಲ್ಲಿ ಕಾಣುತ್ತದೆ.

ಟಾನಾ ಫ್ರೆಂಚ್ ಓದುವವರು 'ಇನ್ ದಿ ವುಡ್ಸ್'ನಿಂದಲೇ ಶುರು ಮಾಡಬೇಕಿಲ್ಲ. ಅದರಲ್ಲಿ ಒಂದು ಹಳೆಯ ಪ್ರಕರಣ ಬಗೆಹರಿಯದೆ ಉಳಿಯುತ್ತದೆ, ಎಲ್ಲ ಗಂಟೂ ಬಿಚ್ಚಬೇಕು ಅನ್ನುವವರಿಗೆ ಸಿಟ್ಟು ಬರುತ್ತದೆ. ನಾಟಕದಿಂದ ಬರುವವರಿಗೆ ನಾನು ಹೇಳುವುದು 2020ರ 'ದಿ ಸರ್ಚರ್'. ಶಿಕಾಗೊದ ನಿವೃತ್ತ ಪೊಲೀಸ್ ಒಬ್ಬ ಐರ್ಲೆಂಡಿನ ಪಶ್ಚಿಮದ ಹಳ್ಳಿಯಲ್ಲಿ ಹಳೆಯ ಮನೆ ಕೊಂಡು ನೆಲೆಸುತ್ತಾನೆ. ಕಾಣೆಯಾದ ಅಣ್ಣನನ್ನು ಹುಡುಕಿಕೊಡು ಅಂತ ಒಂದು ಮಗು ಅವನ ಹಿಂದೆ ಬೀಳುತ್ತದೆ. ಪಕ್ಕದ ಮನೆಯವರು ನಗುನಗುತ್ತಾ ಮಾತಾಡುತ್ತಾರೆ, ಪಬ್ಬಿನಲ್ಲಿ ಕುಡಿಸುತ್ತಾರೆ, ಬೇಕಾದ್ದು ಮಾತ್ರ ಹೇಳುವುದಿಲ್ಲ. ಸಿಂಜ್ ಓದಿ ಮುಗಿಸಿದ ವಾರವೇ ಇದನ್ನು ಕೈಗೆತ್ತಿಕೊಳ್ಳಿ. ಇಷ್ಟವಾದರೆ ಅದೇ ಊರಿನ ಮುಂದಿನ ಕತೆ 'ದಿ ಹಂಟರ್' 2024ರಲ್ಲಿ ಬಂದಿದೆ.