ಕಾಗೆಬಂಗಾರದ ನೆಲದಲ್ಲಿ ಲಿಥಿಯಂ: 14,100 ಟನ್ 1,600ಕ್ಕೆ ಇಳಿದದ್ದು ಹೇಗೆ?

‘ನಮ್ ಜಿಲ್ಲೇಲಿ ಲಿಥಿಯಂ ಸಿಕ್ಕದಂತೆ, ಇನ್ನೇನ್ ಬುಡಿ’ ಅನ್ನುವ ಮಾತು ಮಂಡ್ಯದ ಟೀ ಅಂಗಡಿಗಳಲ್ಲಿ ಇನ್ನೂ ನಿಂತಿಲ್ಲ. ಎಷ್ಟು ಸಿಕ್ಕಿದೆ ಎಂದು ಕೇಳಿದರೆ ಬರುವ ಉತ್ತರ ಹದಿನಾಲ್ಕು ಸಾವಿರ ಟನ್. ಅದು 2020ರ ಅಂಕಿ. ಮರುವರ್ಷವೇ ಸರ್ಕಾರ ಹೇಳಿದ್ದು 1,600 ಟನ್. ಜನರ ಬಾಯಲ್ಲಿ ಉಳಿದದ್ದು ಮಾತ್ರ ಮೊದಲನೆಯದು.

ಜಾಗ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಸುತ್ತಮುತ್ತ. ಅಲ್ಲಿ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯಿದೆ. ಸಕ್ಕರೆ ಕಾರ್ಖಾನೆ ಕಂಡ ಮಂಡ್ಯದವರಿಗೆ ಅದು ಹುಟ್ಟಿದ ಬಗೆಯನ್ನು ಹೇಳುವುದು ಸುಲಭ. ಪಾಕದಲ್ಲಿ ಸಕ್ಕರೆ ಹರಳುಗಟ್ಟಿದ ಮೇಲೆ ಕಾಕಂಬಿ ಉಳಿಯುತ್ತದಲ್ಲ, ಹಾಗೆ ಭೂಮಿಯೊಳಗೆ ಕರಗಿದ ಶಿಲೆ ತಣಿಯುವಾಗ ಬೇರೆ ಹರಳುಗಳಲ್ಲಿ ಜಾಗ ಸಿಗದ ಲಿಥಿಯಂನಂಥ ಧಾತುಗಳು ಕೊನೆಯ ದ್ರವದಲ್ಲಿ ಸೇರಿಕೊಳ್ಳುತ್ತವೆ. ಆ ದ್ರವ ಗಟ್ಟಿಯಾದದ್ದೇ ಪೆಗ್ಮಟೈಟ್. ಅದರಲ್ಲಿ ಹೆಚ್ಚಿನ ಪಾಲು ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಮತ್ತು ನಾವು ಚಿಕ್ಕಂದಿನಲ್ಲಿ ಜೇಬಿಗೆ ತುಂಬಿಕೊಳ್ಳುತ್ತಿದ್ದ ಕಾಗೆಬಂಗಾರ, ಅಂದರೆ ಅಭ್ರಕ. ಲಿಥಿಯಂ ಇರುವುದು ಮುಖ್ಯವಾಗಿ ಸ್ಪೋಡುಮೀನ್ ಎಂಬ ಖನಿಜದಲ್ಲಿ.

ಲಿಥಿಯಂಗೆ ಇಷ್ಟು ಬೆಲೆ ಬಂದದ್ದು ಈಚೆಗೆ. 1817ರಲ್ಲಿ ಸ್ವೀಡನ್ನಿನ ಕಲ್ಲೊಂದರಲ್ಲಿ ಅದನ್ನು ಗುರುತಿಸಿದರು; ಗ್ರೀಕ್ ಭಾಷೆಯಲ್ಲಿ ‘ಲಿಥೋಸ್’ ಅಂದರೆ ಕಲ್ಲೆಂದೇ ಅರ್ಥ. ಬಹುಕಾಲ ಅದು ಗಾಜು, ಪಿಂಗಾಣಿ, ಲಾರಿ ಗ್ಯಾರೇಜಿನ ಗ್ರೀಸ್ ಮತ್ತು ಮನೋರೋಗದ ಮಾತ್ರೆಗಳಿಗೆ ಬಳಕೆಯಾಗುತ್ತಿತ್ತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಲೆಕ್ಕವೇ ಬದಲಾಯಿತು.

ಮಂಡ್ಯದಲ್ಲಿ ಹುಡುಕಿದ್ದು ಗಣಿ ಇಲಾಖೆಯಲ್ಲ, ಪರಮಾಣು ಖನಿಜ ನಿರ್ದೇಶನಾಲಯ. ಪರಮಾಣು ಕಾರ್ಯಕ್ರಮಕ್ಕೂ ಬೇಕಾದ್ದರಿಂದ ಲಿಥಿಯಂ ಆಗ ಪರಮಾಣು ಖನಿಜಗಳ ಪಟ್ಟಿಯಲ್ಲಿತ್ತು. ನಿರ್ದೇಶನಾಲಯದ ಶೋಧದ ಮಾಹಿತಿ ಹಿಡಿದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎನ್. ಮುನಿಚಂದ್ರಯ್ಯ 2020ರಲ್ಲಿ ಒಂದು ಅಂದಾಜು ಹೇಳಿದರು: ಅರ್ಧ ಕಿಲೋಮೀಟರ್ ಅಗಲ, ಐದು ಕಿಲೋಮೀಟರ್ ಉದ್ದದ ನೆಲದಲ್ಲಿ 30,300 ಟನ್ ಲಿಥಿಯಂ ಆಕ್ಸೈಡ್. ಆಕ್ಸೈಡಿನಲ್ಲಿ ಲೋಹದ ಪಾಲು ಅರ್ಧಕ್ಕಿಂತ ತುಸು ಕಡಿಮೆ. ಹಾಗಾಗಿ 14,100 ಟನ್ ಲೋಹ. ಸುದ್ದಿ ದೇಶವೆಲ್ಲ ಹಬ್ಬಿತು. ಅದೇ ಸುದ್ದಿಯಲ್ಲಿ ಚಿಲಿ ದೇಶದ ನಿಕ್ಷೇಪ 86 ಲಕ್ಷ ಟನ್ ಎಂದೂ ಇತ್ತು. ಆ ಸಾಲನ್ನು ಓದಿದವರು ಕಡಿಮೆ.

2021ರ ಫೆಬ್ರುವರಿಯಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಅಂಕಿ 1,600 ಟನ್ನಿಗೆ ಇಳಿದಿತ್ತು. ಅದೂ ‘ಇನ್‌ಫರ್ಡ್’ ವರ್ಗದ್ದು: ನೆಲದ ಮೇಲ್ಮೈಯ ಸಮೀಕ್ಷೆ, ಅಲ್ಪಸ್ವಲ್ಪ ಒಳಶೋಧ, ಉಳಿದದ್ದು ಅದರ ಮೇಲೆ ಕಟ್ಟಿದ ಅಂದಾಜು. ಬೋರ್‌ವೆಲ್ ಕೊರೆಸುವ ಮುನ್ನ ತೆಂಗಿನಕಾಯಿ ಹಿಡಿದು ನೀರು ನೋಡುವುದಕ್ಕಿಂತ ಎಷ್ಟೋ ಮೇಲು, ಆದರೆ ಕೊರೆದು ಅಳೆದ ಲೆಕ್ಕವಲ್ಲ. ಅಷ್ಟನ್ನೂ ಶುದ್ಧ ಲೋಹವೆಂದೇ ಹಿಡಿದರೂ, ಒಂದು ಎಲೆಕ್ಟ್ರಿಕ್ ಕಾರಿಗೆ ಸುಮಾರು 8 ಕೆ.ಜಿ. ಎಂದರೆ ಎರಡು ಲಕ್ಷ ಕಾರಿಗೆ ಮುಗಿಯಿತು. 2023ರಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದು ಘೋಷಣೆಯಾದಾಗ ಮಂಡ್ಯ ಸುದ್ದಿಯಿಂದಲೇ ಮರೆಯಾಯಿತು. ಅದೂ ‘ಇನ್‌ಫರ್ಡ್’ ಅಂಕಿಯೇ ಅನ್ನಿ.

ಅದೇ ವರ್ಷ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಲಿಥಿಯಂ ಪರಮಾಣು ಖನಿಜಗಳ ಪಟ್ಟಿಯಿಂದ ಹೊರಬಂತು. ಖಾಸಗಿಯವರಿಗೂ ಬಾಗಿಲು ತೆರೆಯಿತು. ಆದರೆ ತೆಗೆಯುವುದು ಸಲೀಸಲ್ಲ. ಸ್ಪೋಡುಮೀನನ್ನು ಬೇರ್ಪಡಿಸಿ, ಸಾವಿರ ಡಿಗ್ರಿಗೂ ಮೇಲೆ ಹುರಿದು, ಗಂಧಕಾಮ್ಲದಲ್ಲಿ ಬೇಯಿಸಬೇಕು. ಶಿಲೆಯಲ್ಲಿ ಶೇ 1ರಷ್ಟು ಆಕ್ಸೈಡ್ ಇದೆ ಎಂದುಕೊಂಡರೂ ನೂರು ಟನ್ ಕಲ್ಲು ಪುಡಿ ಮಾಡಿದರೆ ಕೈಗೆ ಬರುವ ಲೋಹ ಅರ್ಧ ಟನ್ನೂ ಇಲ್ಲ. ಮಿಕ್ಕಿದ್ದರಲ್ಲಿ ಗಾಜಿಗೆ ಬೆಣಚು, ಟೈಲ್ಸ್‌ಗೆ ಫೆಲ್ಡ್‌ಸ್ಪಾರ್, ಇಸ್ತ್ರಿಪೆಟ್ಟಿಯ ಕಾಯಿಲಿಗೆ ಅಭ್ರಕ ಆರಿಸಿಕೊಳ್ಳಬಹುದು. ಅದಕ್ಕೂ ಆಗದ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ನಾಲೆ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವವರು ಕೊರೆಯುವ ಯಂತ್ರ ಬರುವ ಮುಂಚೆಯೇ ಕೇಳಬೇಕಾಗುತ್ತದೆ.