ಗಟ್ಟಿ ಬ್ರಶ್ ಪಟ್ಟಿ: ಮೊದಲು ಎತ್ತರ, ಆಮೇಲೆ ಕತ್ತರಿ

ಶಹಾಬಾದ್ ಕಲ್ಲು ಹಾಸಿದ ಮನೆಗಳಲ್ಲಿ ಬಾಗಿಲ ಕೆಳಗಿನ ಸಂದು ಉದ್ದಕ್ಕೂ ಒಂದೇ ಸಮ ಇರುವುದು ಅಪರೂಪ. ಕೀಲಿನ ಕಡೆ 8 ಮಿ.ಮೀ. ಇದ್ದರೆ ಚಿಲಕದ ಕಡೆ 14 ಇರುತ್ತದೆ. ನಡುವೆ ಕಲ್ಲುಗಳು ಕೂಡುವಲ್ಲಿ ಒಂದೆರಡು ಮಿ.ಮೀ. ಏರುಪೇರು ಬೇರೆ. ಹಳೆಯ ಕೆಂಪು ಗಾರೆ ನೆಲ, ನೀರಿಗೆ ವಾಟ ಕೊಟ್ಟ ಯುಟಿಲಿಟಿ, ಎಲ್ಲ ಕಡೆಯೂ ಇದೇ ತೊಂದರೆ. ಇಂಥಲ್ಲಿ ಸಂದು ಮುಚ್ಚಲು ರಬ್ಬರ್ ಪಟ್ಟಿಗಿಂತ ಬ್ರಶ್ ಪಟ್ಟಿ, ಅಂದರೆ ಬಾಗಿಲ ಬುಡಕ್ಕೆ ಕೂರಿಸುವ, ಕೆಳಗೆ ನೈಲಾನ್ ಎಳೆಗಳಿರುವ ಅಲ್ಯೂಮಿನಿಯಂ ಪಟ್ಟಿ, ಒಳ್ಳೆಯದು. ಆದರೆ ಗಟ್ಟಿ ನೈಲಾನ್ ಎಳೆಗಳನ್ನು ನೆಲಕ್ಕೆ ತಕ್ಕಂತೆ ಕತ್ತರಿಸದಿದ್ದರೆ ಉಬ್ಬಿನಲ್ಲಿ ಬಾಗಿಲು ಹಿಡಿಯುತ್ತದೆ, ತಗ್ಗಿನಲ್ಲಿ ಜಿರಳೆ ನುಸುಳುತ್ತದೆ.

ಬಾಗಿಲು ಹಿಡಿಯಿತೆಂದು ಎಳೆಗಳನ್ನು ಚಿಕ್ಕದು ಮಾಡುತ್ತಾ ಹೋಗುವುದೇ ದೊಡ್ಡ ತಪ್ಪು. ಎಳೆ ಗಿಡ್ಡವಾದಷ್ಟೂ ಬಿರುಸಾಗುತ್ತದೆ: ಉದ್ದ ಅರ್ಧವಾದರೆ ಅದನ್ನು ಅಷ್ಟೇ ಬಾಗಿಸಲು ಎಂಟು ಪಟ್ಟು ಬಲ ಬೇಕು. ಹಾಗಾಗಿ ಎಲ್ಲೂ 15 ಮಿ.ಮೀ.ಗಿಂತ ಕಡಿಮೆ ಎಳೆ ಉಳಿಸಬೇಡಿ. ಜಾಗ ಸಾಲದಿದ್ದರೆ ಎಳೆ ಕತ್ತರಿಸುವ ಬದಲು ಪಟ್ಟಿಯನ್ನೇ ಬಾಗಿಲ ಮೇಲೆ ಇನ್ನಷ್ಟು ಎತ್ತಿ ಕೂರಿಸಿ.

ಪಟ್ಟಿ ಕೂರಿಸುವ ಎತ್ತರವನ್ನು ನಿರ್ಧರಿಸುವುದು ನೆಲದ ಅತಿ ತಗ್ಗಿನ ಜಾಗ. ಮೊದಲು ಹೇಳಿದ 8 ಮತ್ತು 14 ಮಿ.ಮೀ. ಸಂದನ್ನೇ ತೆಗೆದುಕೊಳ್ಳಿ. ಎಳೆ 25 ಮಿ.ಮೀ. ಉದ್ದವಿದ್ದರೆ, ಅಲ್ಯೂಮಿನಿಯಂ ಪಟ್ಟಿಯ ಕೆಳ ಅಂಚು ಬಾಗಿಲ ಕೆಳ ತುದಿಯಿಂದ 10 ಮಿ.ಮೀ. ಮೇಲಿರಲಿ. ಆಗ ಚಿಲಕದ ಕಡೆ ನೆಲಕ್ಕೆ 24 ಮಿ.ಮೀ.; ಎಳೆ 1 ಮಿ.ಮೀ. ಒತ್ತುತ್ತದೆ, ಕತ್ತರಿ ಬೇಡ. ಕೀಲಿನ ಕಡೆ 18 ಮಿ.ಮೀ.; ಅಲ್ಲಿ 19ಕ್ಕೆ ಕತ್ತರಿಸಿ.

ಆ ಕೆಳ ಅಂಚಿನ ಗೆರೆಯನ್ನು ಬಾಗಿಲ ಮೇಲೆ ಪೆನ್ಸಿಲ್‌ನಿಂದ ಎಳೆದುಕೊಳ್ಳಿ. ಬಾಗಿಲು ಮುಚ್ಚಿ, ಗೆರೆಯಿಂದ ನೆಲಕ್ಕೆ ಪ್ರತಿ 10 ಸೆಂ.ಮೀ.ಗೊಮ್ಮೆ ಅಳೆಯಿರಿ; ಕಲ್ಲಿನ ಸಂದುಗಳ ಎರಡೂ ಬದಿ ತಪ್ಪದೆ ಅಳೆಯಿರಿ. ಎಳೆಗಳ ಎರಡೂ ಮುಖಕ್ಕೆ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ, ಪ್ರತಿ ಅಳತೆಗೂ 1 ಮಿ.ಮೀ. ಸೇರಿಸಿ ಗುರುತು ಹಾಕಿ, ಗುರುತುಗಳನ್ನು ಜೋಡಿಸಿ. ಟೇಪ್ ಇಲ್ಲದಿದ್ದರೆ ಎಳೆಗಳು ಕತ್ತರಿಯ ಬಾಯಿಂದ ಜಾರಿ ತುದಿ ಅಂಕುಡೊಂಕಾಗುತ್ತದೆ. ಪ್ಯಾಕಿಂಗ್‌ನಲ್ಲೇ ಮಡಿಚಿಕೊಂಡ ಎಳೆಗಳಿದ್ದರೆ ಮೊದಲೇ ಬಿಸಿನೀರಲ್ಲಿ ಅದ್ದಿ, ನೇರವಾಗಿ ಬಾಚಿ ಒಣಗಿಸಿ.

ಹರಿತವಾದ ದೊಡ್ಡ ಕತ್ತರಿಯಿಂದ ಮೊದಲ ಸಲ ಗುರುತಿಗಿಂತ 2 ಮಿ.ಮೀ. ಉದ್ದ ಬಿಟ್ಟೇ ಕತ್ತರಿಸಿ. ಪಟ್ಟಿ ಕೂರಿಸಿ ಹತ್ತು ಸಲ ಬಾಗಿಲು ತೆಗೆದು ಹಾಕಿ, ಎಲ್ಲಿ ಉಜ್ಜುತ್ತದೆ ನೋಡಿಕೊಂಡು ಉಳಿದದ್ದನ್ನು ತೆಗೆಯಿರಿ. ಬಿಸಿ ಚಾಕು ಬೇಡವೇ ಬೇಡ. ನೈಲಾನ್ ಕರಗಿ ತುದಿಯಲ್ಲಿ ಗಟ್ಟಿ ಗುಂಡು ಕಟ್ಟುತ್ತದೆ, ಅದೇ ನೆಲ ಗೀರುತ್ತದೆ.

ಮುಚ್ಚಿದ ಬಾಗಿಲಿನ ಅಳತೆ ಸರಿ ಬಂದರೂ ಬಾಗಿಲು ತೆರೆಯುವ ದಾರಿಯಲ್ಲಿ ನೆಲ ಏರಿರಬಹುದು. ಅಲ್ಲಿ 4–5 ಮಿ.ಮೀ. ಬಾಗುವಿಕೆಯನ್ನು ಉದ್ದನೆಯ ಎಳೆ ತಾಳಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಎಳೆಗಳು ಶಾಶ್ವತವಾಗಿ ಮಲಗಿಬಿಡುತ್ತವೆ. ಅಂಥ ನೆಲಕ್ಕೆ, ಬಾಗಿಲು ಮುಚ್ಚಿದಾಗ ಮಾತ್ರ ಕೆಳಗಿಳಿಯುವ ಸ್ಪ್ರಿಂಗ್ ಪಟ್ಟಿಯೇ ಸರಿ.

ಸ್ಕ್ರೂಗಳನ್ನು ಉದ್ದುದ್ದ ತೂತಿನ ನಡುವೆ ಬಿಗಿಯಿರಿ. ಎಳೆ ಸವೆದಾಗ ಪಟ್ಟಿಯನ್ನು ಕೆಳಗಿಳಿಸಬಹುದು. ಗಾರೆ ನೆಲವಿದ್ದರೆ ವಾರಕ್ಕೊಮ್ಮೆ ಎಳೆಗಳ ನಡುವಿನ ಮರಳನ್ನು ಒಣ ಬ್ರಶ್‌ನಿಂದ ಉದುರಿಸಿ. ಬಾಗಿಲ ಮುಂದೆ ಕಮಾನಿನಂತೆ ಬೀಳುವ ಗೀರು ಹೆಚ್ಚಾಗಿ ಆ ಮರಳಿನದ್ದು.